ಜರಿಗಿಡದ ತಳಿನಕ್ಷೆಯಲ್ಲಿ ಊರಿನ ಹೆಸರೆಲ್ಲಿ?

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ತುಳುನಾಡಿನ ಅಡುಗೆಮನೆ ತರಕಾರಿ ಅಂಗಡಿಯನ್ನು ಬಿಟ್ಟು ಹಿತ್ತಿಲು, ಗುಡ್ಡ, ತೋಡುಗಳ ಕಡೆಗೆ ಮುಖ ಮಾಡುತ್ತದೆ. ಕೆಸುವಿನೆಲೆಯ ಪತ್ರೊಡೆ, ತಜಂಕಿನ ಪಲ್ಯ, ಕಣಿಲೆಯ ಗಸಿ, ತಿಮರೆಯ ಚಟ್ನಿ ಇವೆಲ್ಲ ಆ ತಿಂಗಳ ಊಟ. ಘಟ್ಟ ಹತ್ತಿ ಕೊಡಗಿಗೆ ಹೋದರೆ ಇದೇ ಮಳೆಗಾಲದಲ್ಲಿ ತೆರ್ಮೆ ತೊಪ್ಪಿನ ಪಲ್ಯ ಊಟದೆಲೆಗೆ ಬರುತ್ತದೆ. ತೆರ್ಮೆಯೆಂದರೆ ನೀರಿನಂಚಿನಲ್ಲಿ ಬೆಳೆಯುವ ಜರಿಗಿಡವೊಂದರ ಸುರುಳಿ ಬಿಚ್ಚದ ಎಳೆಯ ಚಿಗುರು. ಸಸ್ಯಶಾಸ್ತ್ರಜ್ಞರು ಅದನ್ನು ಡಿಪ್ಲೇಜಿಯಂ ಎಸ್ಕುಲೆಂಟಂ ಎಂದು ಕರೆಯುತ್ತಾರೆ. ಲ್ಯಾಟಿನ್ನಿನ ಆ ಎರಡನೆಯ ಪದಕ್ಕೆ ತಿನ್ನಲು ಯೋಗ್ಯ ಎಂದೇ ಅರ್ಥ. ಅಸ್ಸಾಮಿನವರು ಅದನ್ನು ಢೆಕಿಯಾ ಎನ್ನುತ್ತಾರೆ, ಫಿಲಿಪ್ಪೀನ್ಸಿನವರು ಪಾಕೊ ಎನ್ನುತ್ತಾರೆ. ಹೀಗೆ ಪಲ್ಯವಾಗುವ ಜರಿಯೇ ಹಲವೆಡೆ ಮನೆಮದ್ದೂ ಹೌದು.

ತಿನ್ನುವ, ಮದ್ದಿಗೆ ಬಳಸುವ ಇಂಥ ಜರಿಗಿಡಗಳ ಕ್ಲೋರೋಪ್ಲಾಸ್ಟ್ ತಳಿನಕ್ಷೆಯನ್ನು ಓದಿ ಪ್ರಕಟಿಸುವ ಕೆಲಸ ಈಗ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ನಾನು ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ಸರ್ಕಾರಿ ಸೇವೆ. ಸಸ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಈ ಓದಿನಿಂದ ಯಾರಿಗೆ ಏನು ದಕ್ಕುತ್ತದೆ, ಯಾವುದು ದಕ್ಕುವುದಿಲ್ಲ ಎಂಬುದು ಪ್ರಯೋಗಾಲಯದೊಳಗೇ ಮುಗಿಯುವ ಪ್ರಶ್ನೆಯಲ್ಲ. ಫಲ್ಗುಣಿ ನದಿಯ ದಡದಲ್ಲಿರುವ ನಮ್ಮ ವೇಣೂರಿನಂಥ ಊರುಗಳಿಗೆ ಅದು ಹಕ್ಕಿನ ಪ್ರಶ್ನೆ, ಆಡಳಿತದ ಪ್ರಶ್ನೆ. ಜರಿಗಿಡದ ತಳಿನಕ್ಷೆ ಜಗತ್ತಿಗೆಲ್ಲ ಬಿಡಿಬಿಡಿಯಾಗಿ ತೆರೆದಿರುವಾಗ ಆ ಗಿಡ ಬಂದ ಊರಿನ ಹೆಸರು ಆ ದಾಖಲೆಯಿಂದ ಕಳಚಿಕೊಂಡರೆ ನಾಳೆ ಹುಟ್ಟಬಹುದಾದ ಲಾಭದಲ್ಲಿ ಊರಿಗೆ ಪಾಲು ಕೇಳುವ ಆಧಾರವೇ ಇರುವುದಿಲ್ಲ. ಆ ಕೊಂಡಿಯನ್ನು ಉಳಿಸುವ ಕೆಲಸ ದೆಹಲಿಗಿಂತ ಹೆಚ್ಚಾಗಿ ಗ್ರಾಮ ಪಂಚಾಯತಿಯದು ಎಂಬುದು ನನ್ನ ವಾದ.

ಮೊದಲು ವಿಜ್ಞಾನದ ಸಂಗತಿ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಇರುವುದು ಜೀವಕೋಶದೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಸಣ್ಣ ಕಣಗಳಲ್ಲಿ. ಬಿಸಿಲನ್ನು ಹಿಡಿದು ಸಕ್ಕರೆ ಮಾಡುವ ಗಿಡದ ಅಡುಗೆಮನೆ ಅದು. ನೂರು ಕೋಟಿ ವರ್ಷಗಳಿಗೂ ಹಿಂದೆ ಸ್ವತಂತ್ರವಾಗಿ ಬದುಕುತ್ತಿದ್ದ ಸೂಕ್ಷ್ಮಜೀವಿಯೊಂದು ಇನ್ನೊಂದು ಜೀವಕೋಶದೊಳಗೆ ಸೇರಿ, ಅಲ್ಲಿಯೇ ನೆಲೆಸಿ ಕ್ಲೋರೋಪ್ಲಾಸ್ಟ್ ಆಯಿತೆಂದು ವಿಜ್ಞಾನ ಹೇಳುತ್ತದೆ. ಹಾಗೆ ಬಂದ ಒಕ್ಕಲು ತನ್ನ ಹಳೆಯ ಕಾಗದಪತ್ರಗಳಲ್ಲಿ ಕೆಲವನ್ನು ಇಂದಿಗೂ ತನ್ನ ಬಳಿಯೇ ಇಟ್ಟುಕೊಂಡಿದೆ. ಕೋಶಕೇಂದ್ರದಲ್ಲಿರುವ ಡಿಎನ್‌ಎಯಿಂದ ಬೇರೆಯಾದ ಈ ಪುಟ್ಟ ಡಿಎನ್‌ಎಯೇ ಕ್ಲೋರೋಪ್ಲಾಸ್ಟ್ ತಳಿನಕ್ಷೆ. ಸಾಮಾನ್ಯವಾಗಿ ಅದರ ಉದ್ದ ಒಂದೂವರೆ ಲಕ್ಷ ಅಕ್ಷರಗಳ ಆಸುಪಾಸು.

ಈ ಓದು ಶುರುವಾದದ್ದು 1986ರಲ್ಲಿ. ಜಪಾನಿನ ಎರಡು ತಂಡಗಳು ಆ ವರ್ಷ ಹೊಗೆಸೊಪ್ಪು ಹಾಗೂ ಲಿವರ್‌ವರ್ಟ್ ಎಂಬ ಹಾವಸೆಯಂಥ ಸಸ್ಯದ ಕ್ಲೋರೋಪ್ಲಾಸ್ಟ್ ತಳಿನಕ್ಷೆಗಳನ್ನು ಪೂರ್ಣವಾಗಿ ಪ್ರಕಟಿಸಿದವು. ಜರಿಗಿಡಗಳ ಸರದಿ ಬರಲು 2003ರವರೆಗೆ ಕಾಯಬೇಕಾಯಿತು. ಅಮೆರಿಕದ ಸಂಶೋಧಕರು ಆಗ ಅಡಿಯಾಂಟಂ ಕ್ಯಾಪಿಲಸ್ ವೆನೆರಿಸ್ ಎಂಬ ಜರಿಯ 1,50,568 ಅಕ್ಷರಗಳನ್ನು ಓದಿದರು. ಆ ಮೊದಲ ಜರಿಯೂ ಔಷಧಿಯ ಗಿಡವೇ ಎಂಬುದು ಗಮನಿಸಬೇಕಾದ ಸಂಗತಿ. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಹಂಸರಾಜ ಎಂದು ಮಾರಾಟವಾಗುವ ಗುಂಪಿನದು ಅದು. ಯುನಾನಿ ವೈದ್ಯರು ಅದನ್ನು ಕೆಮ್ಮಿಗೆ ಕೊಡುತ್ತಾರೆ, ಯೂರೋಪಿನಲ್ಲಿ ಹಿಂದೆ ಅದರಿಂದ ಸಿರಪ್ ತಯಾರಿಸಿ ಕುಡಿಯುತ್ತಿದ್ದರು. ಅಂದು ದೊಡ್ಡ ಸಾಧನೆಯೆನಿಸಿದ್ದ ಈ ಕೆಲಸ ಇಂದು ಸಾಧಾರಣ ಸೌಲಭ್ಯವಿರುವ ವಿಶ್ವವಿದ್ಯಾಲಯದ ವಿದ್ಯಾರ್ಥಿಯ ಕೈಗೂ ಎಟುಕುತ್ತದೆ.

ಇಡೀ ಗಿಡದ ತಳಿನಕ್ಷೆಯನ್ನು ಓದದೆ ಕ್ಲೋರೋಪ್ಲಾಸ್ಟಿನದನ್ನೇ ಏಕೆ ಓದುತ್ತಾರೆ ಎಂಬ ಪ್ರಶ್ನೆ ಸಹಜ. ಜರಿಗಿಡಗಳ ಕೋಶಕೇಂದ್ರದ ತಳಿನಕ್ಷೆ ಹಲವು ಬಾರಿ ದಿಗಿಲು ಹುಟ್ಟಿಸುವಷ್ಟು ದೊಡ್ಡದು. ಮನುಷ್ಯನ ತಳಿನಕ್ಷೆಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ, ನ್ಯೂ ಕ್ಯಾಲೆಡೋನಿಯಾ ದ್ವೀಪದ ಮೆಸಿಪ್ಟೆರಿಸ್ ಎಂಬ ಪುಟ್ಟ ಜರಿಯಲ್ಲಿ ಸುಮಾರು 16,000 ಕೋಟಿ ಇವೆಯೆಂದು 2024ರಲ್ಲಿ ವರದಿಯಾಯಿತು. ಈವರೆಗೆ ಅಳೆದ ಯಾವ ಜೀವಿಯಲ್ಲೂ ಅದಕ್ಕಿಂತ ದೊಡ್ಡ ತಳಿನಕ್ಷೆ ಕಂಡಿಲ್ಲ. ನಮ್ಮ ಪಕ್ಕದ ಕೇರಳದಲ್ಲಿ 1950ರ ದಶಕದಲ್ಲೇ ವಿಜ್ಞಾನಿಗಳಾದ ಅಬ್ರಹಾಂ ಮತ್ತು ನೈನಾನ್ ಅವರು ಓಫಿಯೋಗ್ಲಾಸಂ ರೆಟಿಕ್ಯುಲೇಟಂ ಎಂಬ ಅಂಗೈ ಎತ್ತರದ ಜರಿಯಲ್ಲಿ 1,260 ವರ್ಣತಂತುಗಳನ್ನು ಎಣಿಸಿದ್ದರು. ಮನುಷ್ಯನಲ್ಲಿರುವುದು 46. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಆ ಗಿಡವನ್ನು ಕೆಲವು ಸಮುದಾಯಗಳು ಸೊಪ್ಪಾಗಿ ತಿನ್ನುತ್ತವೆ, ಮದ್ದಾಗಿ ಬಳಸುತ್ತವೆ. ಇಷ್ಟು ದೊಡ್ಡ ಗ್ರಂಥಭಂಡಾರವನ್ನು ಓದುವ ಬದಲು ಒಂದೂವರೆ ಲಕ್ಷ ಅಕ್ಷರಗಳ ಕಿರುಹೊತ್ತಗೆಯನ್ನು ಓದುವುದು ಸುಲಭ, ಅಗ್ಗ.

ಆದರೆ ಆ ಕಿರುಹೊತ್ತಗೆಯಲ್ಲಿ ಏನಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಔಷಧಿಯ ಸಸ್ಯವೊಂದರ ತಳಿನಕ್ಷೆ ಸಿದ್ಧ ಎಂಬ ಸುದ್ದಿ ಬಂದೊಡನೆ ಇನ್ನೇನು ಹೊಸ ಔಷಧಿ ಬಂದೇಬಿಟ್ಟಿತೆಂಬ ಭಾವನೆ ಹರಡುತ್ತದೆ. ಕ್ಲೋರೋಪ್ಲಾಸ್ಟಿನಲ್ಲಿರುವ ನೂರಕ್ಕೂ ಮಿಕ್ಕಿದ ವಂಶವಾಹಿಗಳಲ್ಲಿ ಬಹುಪಾಲು ಬಿಸಿಲಿನಿಂದ ಆಹಾರ ತಯಾರಿಸುವುದಕ್ಕೆ ಹಾಗೂ ಕ್ಲೋರೋಪ್ಲಾಸ್ಟಿನ ಸ್ವಂತ ನಿರ್ವಹಣೆಗೆ ಸಂಬಂಧಿಸಿದವು. ಗಿಡಕ್ಕೆ ಔಷಧಿಗುಣ ಕೊಡುವ ರಾಸಾಯನಿಕಗಳ ಪಾಕವಿಧಾನ ಬಹುಮಟ್ಟಿಗೆ ಕೋಶಕೇಂದ್ರದಲ್ಲಿರುತ್ತದೆ. ಆದ್ದರಿಂದ ಕ್ಲೋರೋಪ್ಲಾಸ್ಟ್ ತಳಿನಕ್ಷೆ ಔಷಧಿಯ ಕೀಲಿಕೈಯಲ್ಲ. ಅದು ಗಿಡದ ಗುರುತಿನ ಚೀಟಿ. ಇದು ಯಾವ ಜರಿ, ಯಾವುದರ ಬಂಧು, ಎಷ್ಟು ಹಿಂದೆ ಕವಲೊಡೆಯಿತು ಎಂಬ ಪ್ರಶ್ನೆಗಳಿಗೆ ಅದು ಉತ್ತರ ಕೊಡುತ್ತದೆ.

ಗುರುತಿನ ಚೀಟಿ ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಜರಿಗಳಲ್ಲಿ ತಿನ್ನುವಂಥವೂ ಇವೆ, ತಿನ್ನಬಾರದವೂ ಇವೆ. ಘಟ್ಟದ ಮೇಲಿನ ಹುಲ್ಲುಗಾವಲುಗಳ ಅಂಚಿನಲ್ಲಿ ಬೆಳೆಯುವ ಬ್ರ್ಯಾಕೆನ್ ಜರಿಯಲ್ಲಿ ಟಾಕ್ವಿಲೋಸೈಡ್ ಎಂಬ ವಿಷವಿದೆ. ಅದನ್ನು ಮೇಯುವ ದನಗಳ ಮೂತ್ರಕೋಶದಲ್ಲಿ ಗೆಡ್ಡೆಗಳು ಬೆಳೆಯುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಆ ಜರಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಬಲಿತ ಗಿಡದಲ್ಲಿ ಕಾಣುವ ವ್ಯತ್ಯಾಸ ಎಳೆಯ ಸುರುಳಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಒಣಗಿಸಿ ಪುಡಿ ಮಾಡಿದ ಮೇಲಂತೂ ಕಣ್ಣು, ಮೂಗು, ನಾಲಿಗೆ ಮೂರೂ ಸೋಲುತ್ತವೆ. ಅಲ್ಲಿ ನೆರವಾಗುವುದು ಡಿಎನ್‌ಎಯೇ.

ಗುರುತು ತಪ್ಪುವುದರ ಅಪಾಯ ತುಳುನಾಡಿಗೆ ಹೊಸತಲ್ಲ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಪಾಲೆ ಮರದ ತೊಗಟೆ ಕೆತ್ತಿ ತಂದು ಕಹಿ ಕಷಾಯ ಕುಡಿಯುವ ಪದ್ಧತಿ ನಮ್ಮಲ್ಲಿದೆ. ಕತ್ತಲಲ್ಲಿ ಬೇರೆ ಮರವನ್ನು ಕೆತ್ತಿ ತಂದರೆ ಜೀವಕ್ಕೇ ಸಂಚಕಾರವೆಂದು ಹಿರಿಯರು ಪ್ರತಿ ವರ್ಷ ಎಚ್ಚರಿಸುತ್ತಾರೆ. ಮರವನ್ನು ಹಗಲಿನಲ್ಲೇ ನೋಡಿ ಗುರುತು ಮಾಡಿಟ್ಟುಕೊಳ್ಳುವ ಮನೆಗಳೂ ಇವೆ. ಇನ್ನು ಮಾರುಕಟ್ಟೆಯಲ್ಲಿ ಕತ್ತಲಷ್ಟೇ ಅಲ್ಲ, ಲಾಭದ ಆಸೆಯೂ ಸೇರಿಕೊಳ್ಳುತ್ತದೆ. ಅಶೋಕ ಮರದ ತೊಗಟೆಯೆಂದು ಮಾರಾಟವಾಗುವ ಮಾದರಿಗಳನ್ನು ಡಿಎನ್‌ಎ ಗುರುತಿನ ವಿಧಾನದಿಂದ ಪರೀಕ್ಷಿಸಿದ ಬೆಂಗಳೂರಿನ ಸಂಶೋಧಕರು, ಅವುಗಳಲ್ಲಿ ಹೆಚ್ಚಿನವು ಅಶೋಕವೇ ಅಲ್ಲವೆಂದು 2016ರಲ್ಲಿ ವರದಿ ಮಾಡಿದರು. ಹೀಗೆ ಕಲಬೆರಕೆ ನಡೆದರೆ ರೋಗಿಗೆ ಮೋಸವಾಗುತ್ತದೆ. ನಿಜವಾದ ಮೂಲಿಕೆ ತಂದವನ ಬೆಲೆಯೂ ಕುಸಿಯುತ್ತದೆ. ಒಳ್ಳೆಯದು ಕೆಟ್ಟದ್ದರ ವ್ಯತ್ಯಾಸ ತಿಳಿಯದ ಮಾರುಕಟ್ಟೆಯಲ್ಲಿ ಕೆಟ್ಟದ್ದು ಒಳ್ಳೆಯದನ್ನು ಹೊರಗಟ್ಟುತ್ತದೆಂಬುದು ಅರ್ಥಶಾಸ್ತ್ರದ ಪರಿಚಿತ ಪಾಠ. ಆ ದೃಷ್ಟಿಯಿಂದ ನಂಬಲರ್ಹ ಗುರುತಿನ ಚೀಟಿ ಕಾಡಿನಂಚಿನಲ್ಲಿ ಸೊಪ್ಪು, ಬೇರು ಸಂಗ್ರಹಿಸುವ ಬಡವನ ಪರವಾದ ಸಾಧನ.

ಆದರೆ ಈ ಚೀಟಿಯ ಮೊದಲ ಸಾಲನ್ನು ಬರೆದವರು ಯಾರು? ತಿನ್ನುವ ಜರಿಯನ್ನು ಹೇಗೆ ಗುರುತಿಸುತ್ತೀರಿ ಎಂದು ವೇಣೂರಿನ ಕಡೆಯ ಹಿರಿಯ ಹೆಂಗಸರೊಬ್ಬರನ್ನು ನಾನು ಒಮ್ಮೆ ಕೇಳಿದ್ದೆ. ಹರಿಯುವ ನೀರಿನಂಚಿನಲ್ಲಿ ಬೆಳೆದಿರಬೇಕು, ಚಿಗುರು ಬಾಗಿಸಿದರೆ ಪಟ್ಟನೆ ಮುರಿಯಬೇಕು, ಬಾಗಿ ನಾರಾಗಿ ನಿಂತರೆ ಬಿಟ್ಟುಬಿಡಬೇಕು, ಬೇಯಿಸದೆ ತಿನ್ನಲೇಬಾರದು, ಬುಡಕ್ಕೆ ಎರಡಾದರೂ ಚಿಗುರು ಉಳಿಸಿ ಬರಬೇಕು ಎಂದು ಅವರು ಒಂದೇ ಉಸಿರಿಗೆ ಹೇಳಿದರು. ಆ ಐದು ಮಾತುಗಳಲ್ಲಿ ನೆಲೆ, ಗುರುತು, ಹದ, ಸುರಕ್ಷತೆ, ಸಂರಕ್ಷಣೆ ಎಲ್ಲವೂ ಇವೆ. ಪ್ರಯೋಗಾಲಯಕ್ಕೆ ಹೋಗುವ ಎಲೆಯನ್ನು ಸಾವಿರ ಎಲೆಗಳ ನಡುವೆ ಆರಿಸಿಕೊಡುವುದು ಇಂಥ ಅರಿವೇ. ಪ್ರಕಟವಾದ ತಳಿನಕ್ಷೆಯಲ್ಲಿ ಮಾತ್ರ ಅದರ ಒಂದಕ್ಷರವೂ ಇರುವುದಿಲ್ಲ.

ಜರಿಗಿಡದಿಂದ ಅಂಥ ಲಾಭವೇನು ಬಂದೀತು ಎನ್ನುವವರು ಲಕ್ನೋದ ಉದಾಹರಣೆಯನ್ನು ನೋಡಬೇಕು. ಅಲ್ಲಿನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟೆಕ್ಟೇರಿಯಾ ಮ್ಯಾಕ್ರೊಡೋಂಟಾ ಎಂಬ ತಿನ್ನುವ ಜರಿಯಿಂದ ಟಿಎಂಎ12 ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಅದು ಬಿಳಿನೊಣವನ್ನು ಕೊಲ್ಲುತ್ತದೆ. 2015ರಲ್ಲಿ ಪಂಜಾಬಿನ ಹತ್ತಿ ಬೆಳೆಯನ್ನು ನೆಲಕಚ್ಚಿಸಿದ ಕೀಟ ಇದೇ; ಬಿಟಿ ಹತ್ತಿಗೆ ಅದರ ಮೇಲೆ ಹಿಡಿತವಿಲ್ಲ. ಜರಿಯ ಆ ವಂಶವಾಹಿಯನ್ನು ಹತ್ತಿಗೆ ಸೇರಿಸಿ ನಿಯಂತ್ರಿತ ಪ್ರಯೋಗದಲ್ಲಿ ಬೆಳೆಸಿದಾಗ ಗಿಡಗಳು ಬಿಳಿನೊಣವನ್ನೂ ಅದು ಹರಡುವ ಎಲೆಮುರುಟು ರೋಗವನ್ನೂ ತಡೆದುಕೊಂಡವೆಂದು 2016ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ, ನೀರಿನಲ್ಲಿ ತೇಲುವ ಸಾಲ್ವೀನಿಯಾ ಎಂಬ ಇನ್ನೊಂದು ಜರಿಯ ಪೂರ್ಣ ತಳಿನಕ್ಷೆ ಹೊರಬಂದಾಗ ಅದರಲ್ಲೂ ಇದೇ ವಂಶವಾಹಿಯ ಬಂಧು ಕಾಣಿಸಿತು. ಕಂಪ್ಯೂಟರಿನ ಮುಂದೆ ಕುಳಿತು ಸಾರ್ವಜನಿಕ ದತ್ತಾಂಶದಲ್ಲಿ ಹುಡುಕಿದರೆ ಹೀಗೆ ಒಂದರ ಸುಳಿವು ಇನ್ನೊಂದಕ್ಕೆ ದಾರಿ ತೋರಿಸುತ್ತದೆ. ಎಲೆಯನ್ನು ಮುಟ್ಟುವ, ಊರಿಗೆ ಬರುವ, ಯಾರನ್ನೂ ಕೇಳುವ ಅಗತ್ಯವೇ ಇಲ್ಲ.

ಕಾನೂನಿನ ಕಷ್ಟ ಇರುವುದು ಇಲ್ಲಿಯೇ. 1992ರ ಜೀವವೈವಿಧ್ಯ ಒಪ್ಪಂದವಾಗಲಿ, ಅದನ್ನನುಸರಿಸಿ ಬಂದ ನಮ್ಮ 2002ರ ಜೀವವೈವಿಧ್ಯ ಕಾಯಿದೆಯಾಗಲಿ, 2010ರ ನಗೋಯಾ ಒಡಂಬಡಿಕೆಯಾಗಲಿ ಮುಖ್ಯವಾಗಿ ಕಣ್ಣಿಗೆ ಕಾಣುವ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಎಲೆ, ಬೇರು, ಬೀಜ ಗಡಿ ದಾಟುವಾಗ ಅನುಮತಿ ಕೇಳಬೇಕು, ಲಾಭ ಬಂದರೆ ಹಂಚಬೇಕು ಎಂಬುದು ಅವುಗಳ ತತ್ವ. ಆದರೆ ತಳಿನಕ್ಷೆಯೆಂದರೆ ನಾಲ್ಕು ಅಕ್ಷರಗಳ ಸಾಲು. ಅಮೆರಿಕದ ಜೆನ್‌ಬ್ಯಾಂಕ್ ಹಾಗೂ ಅದರೊಡನೆ ದತ್ತಾಂಶ ಹಂಚಿಕೊಳ್ಳುವ ಯೂರೋಪ್ ಮತ್ತು ಜಪಾನಿನ ಭಂಡಾರಗಳಲ್ಲಿ ಒಮ್ಮೆ ಸೇರಿದರೆ ಅದನ್ನು ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು. ಚೆಕ್‌ಪೋಸ್ಟಿನಲ್ಲಿ ಲಾರಿ ತಡೆದು ತಪಾಸಣೆ ಮಾಡುವ ಕ್ರಮದಿಂದ ಇದನ್ನು ಹಿಡಿಯಲಾಗದು.

ಹಾಗೆಂದು ಬೀಗ ಜಡಿಯುವುದು ಪರಿಹಾರವಲ್ಲ. ನಾನು ನೆಲ್ಲನ್ನು ಉಂಡರೆ ನೀವು ಅದೇ ನೆಲ್ಲನ್ನು ಉಣ್ಣಲಾರಿರಿ. ನಾನು ತಳಿನಕ್ಷೆಯನ್ನು ಓದಿದರೆ ನಿಮ್ಮ ಪಾಲಿಗೆ ಅದು ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಇಂಥದ್ದು ಸಾರ್ವಜನಿಕ ವಸ್ತು. ಅದು ಹರಡಿದಷ್ಟೂ ಸಮಾಜಕ್ಕೆ ಲಾಭ. ನಮ್ಮ ವಿದ್ಯಾರ್ಥಿಗಳು ಕೂಡ ಆ ಭಂಡಾರಗಳಿಂದಲೇ ಕಲಿಯುತ್ತಿದ್ದಾರೆ, ಕೋವಿಡ್ ಲಸಿಕೆಯ ಕೆಲಸ ಅಷ್ಟು ಬೇಗ ಆರಂಭವಾದದ್ದೂ ವೈರಸ್ಸಿನ ತಳಿನಕ್ಷೆ 2020ರ ಜನವರಿಯಲ್ಲೇ ಎಲ್ಲರಿಗೂ ಸಿಕ್ಕಿದ್ದರಿಂದ. ಬಾಗಿಲು ತೆರೆದೇ ಇರಲಿ. ಅದರಿಂದ ಒಳಹೋಗಿ ಕೋಟಿಗಳ ವ್ಯಾಪಾರ ಮಾಡಿದವರು ಮನೆಯವರಿಗೆ ಒಂದು ಪಾಲು ಕೊಡಲಿ ಎಂಬುದು ನ್ಯಾಯವಾದ ಬೇಡಿಕೆ.

ಜಗತ್ತು ತಡವಾಗಿಯಾದರೂ ಈ ದಿಕ್ಕಿನಲ್ಲಿ ಹೆಜ್ಜೆ ಹಾಕಿದೆ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ತತ್ವಶಃ ಒಪ್ಪಿಗೆಯಾದದ್ದು 2024ರ ನವೆಂಬರಿನಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ರೂಪ ಪಡೆಯಿತು. ತಳಿನಕ್ಷೆಗಳ ಡಿಜಿಟಲ್ ಮಾಹಿತಿಯಿಂದ ಲಾಭ ಪಡೆಯುವ ಔಷಧಿ, ಸೌಂದರ್ಯವರ್ಧಕ, ಬೀಜ ಮುಂತಾದ ಕ್ಷೇತ್ರಗಳ ದೊಡ್ಡ ಕಂಪನಿಗಳು ತಮ್ಮ ಲಾಭದ ಶೇ 1 ಅಥವಾ ಆದಾಯದ ಶೇ 0.1ರಷ್ಟನ್ನು ಒಂದು ಜಾಗತಿಕ ನಿಧಿಗೆ ಕೊಡಬೇಕು, ಅದರಲ್ಲಿ ಕನಿಷ್ಠ ಅರ್ಧದಷ್ಟು ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ತಲುಪಬೇಕು ಎಂಬುದು ಅಲ್ಲಿನ ನಿರ್ಣಯ. ಕಾಲಿ ನಿಧಿ 2025ರ ಫೆಬ್ರುವರಿಯಲ್ಲಿ ರೋಮ್‌ನಲ್ಲಿ ಉದ್ಘಾಟನೆಯಾಯಿತು. ಕೊಡಲೇಬೇಕೆಂಬ ಕಡ್ಡಾಯ ಅದರಲ್ಲಿಲ್ಲ ಎಂಬುದು ದೊಡ್ಡ ದೌರ್ಬಲ್ಯ. ನಮ್ಮ ದೇಶವೂ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಲಾಭಹಂಚಿಕೆಯ ನಿಯಮಾವಳಿಯಲ್ಲಿ ಡಿಜಿಟಲ್ ಅನುಕ್ರಮ ಮಾಹಿತಿಯನ್ನು ಸೇರಿಸಿಕೊಂಡಿದೆ.

ತೆರ್ಮೆಯಂಥ ಗಿಡಕ್ಕೆ ಜಾಗತಿಕ ನಿಧಿಯೇ ಸರಿಯಾದ ದಾರಿ. ಅಸ್ಸಾಮಿನಿಂದ ಫಿಲಿಪ್ಪೀನ್ಸಿನವರೆಗೆ ಬೆಳೆಯುವ ಜರಿಯ ಮೇಲೆ ಕೊಡಗಾಗಲಿ ಬೆಳ್ತಂಗಡಿಯಾಗಲಿ ಏಕಸ್ವಾಮ್ಯ ಸಾಧಿಸಲಾಗದು, ಸಾಧಿಸಲೂಬಾರದು. ಆದರೆ ಎಲ್ಲ ಸಸ್ಯಗಳೂ ಹೀಗಲ್ಲ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಜರಿಗಳಿವೆ. ಒಂದೊಂದು ಸಮುದಾಯದ ಬಾಯಿಮಾತಿನಲ್ಲಷ್ಟೇ ಉಳಿದಿರುವ ಬಳಕೆಗಳಿವೆ. ಕುದುರೆಮುಖದ ಅಡಿಯ ಬೆಳ್ತಂಗಡಿ ತಾಲ್ಲೂಕಿನ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಮಲೆಕುಡಿಯರ ಅರಿವು ಅಂಥದ್ದು. ಅದಕ್ಕೆ ವಿಳಾಸವಿದೆ. ಆ ವಿಳಾಸ ದಾಖಲೆಯಲ್ಲಿರಬೇಕು.

2023ರಲ್ಲಿ ಜೀವವೈವಿಧ್ಯ ಕಾಯಿದೆಗೆ ತಂದ ತಿದ್ದುಪಡಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವಂಥದ್ದು, ಈ ಅಗತ್ಯವನ್ನು ಇನ್ನಷ್ಟು ಹೆಚ್ಚಿಸಿದೆ. ಗ್ರಂಥಗಳಲ್ಲಿ ದಾಖಲಾದ ಸಾಂಪ್ರದಾಯಿಕ ಜ್ಞಾನವನ್ನು ಬಳಸುವ ದೇಶೀಯ ಉದ್ಯಮಗಳಿಗೆ ಅದು ವಿನಾಯಿತಿ ಕೊಟ್ಟಿದೆ, ಕೃಷಿ ಮಾಡಿದ ಔಷಧಿ ಸಸ್ಯಗಳಿಗೂ ವಿನಾಯಿತಿಯಿದೆ, ಜೈಲುಶಿಕ್ಷೆಯ ಬದಲು ದಂಡ ಬಂದಿದೆ. ಉದ್ಯಮಕ್ಕೆ ಅನುಕೂಲವಾಗಲಿ ಎಂಬ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರಿಣಾಮವನ್ನು ನೋಡಿ. ಸಂಸ್ಕೃತ ಗ್ರಂಥದಲ್ಲಿರುವ ಮೂಲಿಕೆಯ ಮೇಲೆ ಹಳ್ಳಿಯವನಿಗೆ ಲಾಭದ ಪಾಲಿಲ್ಲ. ಗ್ರಂಥದಲ್ಲಿಲ್ಲದ, ಬಾಯಿಮಾತಿನ ಅರಿವಿಗೆ ಪಾಲಿದೆ, ಆದರೆ ಅದು ತನ್ನದೆಂದು ತೋರಿಸಲು ಅವನ ಬಳಿ ಬರಹವಿಲ್ಲ. ಈ ಕಂದಕವನ್ನು ತುಂಬಲೆಂದು ಕಾಯಿದೆಯೇ ಒದಗಿಸಿದ ಸಾಧನವೊಂದಿದೆ. ಪ್ರತಿ ಸ್ಥಳೀಯ ಸಂಸ್ಥೆಯೂ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಹಾಗೂ ಅದು ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯೇ ಆ ಸಾಧನ.

ಈ ದಾಖಲಾತಿಯ ಕಥೆಯನ್ನು ಎಲ್ಲರೂ ತಿಳಿಯಬೇಕು. ಕಾಯಿದೆ ಬಂದು ಹದಿನೈದು ವರ್ಷ ಕಳೆದರೂ ಬಹುತೇಕ ಪಂಚಾಯತಿಗಳಲ್ಲಿ ಸಮಿತಿಯೂ ಇರಲಿಲ್ಲ, ದಾಖಲಾತಿಯೂ ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ಎಚ್ಚರಿಸಿದ ಮೇಲೆ ದೇಶದಾದ್ಯಂತ ಎರಡೂವರೆ ಲಕ್ಷಕ್ಕೂ ಹೆಚ್ಚು ದಾಖಲಾತಿಗಳು ಹುಟ್ಟಿಕೊಂಡವು. ಗಡುವಿಗೆ ಹೆದರಿ ತುಂಬಿದ ರಿಜಿಸ್ಟರು ಹೇಗಿರುತ್ತದೆಂದು ಸರ್ಕಾರಿ ಸೇವೆಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಪಕ್ಕದೂರಿನ ಪಟ್ಟಿಯನ್ನೇ ನಕಲಿಸಿ, ಗ್ರಾಮದ ಹೆಸರನ್ನಷ್ಟೇ ಬದಲಾಯಿಸಿ, ಮೊಹರು ಒತ್ತಿ ಬೀರುವಿನಲ್ಲಿಟ್ಟ ದಾಖಲೆಗಳನ್ನು ನನ್ನ ಸೇವಾವಧಿಯಲ್ಲಿ ಬೇರೆ ಬೇರೆ ಯೋಜನೆಗಳಲ್ಲಿ ಸಾಕಷ್ಟು ಕಂಡಿದ್ದೇನೆ. ಜೀವವೈವಿಧ್ಯದ ದಾಖಲಾತಿಗೂ ಆ ಗತಿ ಬಂದರೆ ಕಾಗದದ ಮೇಲೆ ಊರಿಗೆ ಹಕ್ಕಿದೆ, ಕೈಯಲ್ಲಿ ಸಾಕ್ಷ್ಯವಿಲ್ಲ ಎಂಬ ಸ್ಥಿತಿ ಉಂಟಾಗುತ್ತದೆ.

ದಾಖಲೆಯ ಬಲ ಎಂಥದ್ದೆಂಬುದಕ್ಕೆ ಎರಡು ನಿದರ್ಶನಗಳಿವೆ. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರು ದಣಿವಾರಿಸಿಕೊಳ್ಳಲು ತಿನ್ನುತ್ತಿದ್ದ ಆರೋಗ್ಯಪಚ್ಚ ಎಂಬ ಗಿಡದ ಸುಳಿವನ್ನು ವಿಜ್ಞಾನಿಗಳು 1987ರಲ್ಲಿ ಅವರಿಂದಲೇ ಪಡೆದರು. ಅದರಿಂದ ತಯಾರಾದ ಜೀವನಿ ಎಂಬ ಔಷಧಿಯ ತಂತ್ರಜ್ಞಾನವನ್ನು 1995ರಲ್ಲಿ ಕಂಪನಿಯೊಂದಕ್ಕೆ ಕೊಟ್ಟಾಗ ಬಂದ ಶುಲ್ಕ ಹಾಗೂ ರಾಯಧನದಲ್ಲಿ ಅರ್ಧವನ್ನು ಕಾಣಿಗಳಿಗೆ ಮೀಸಲಿಡಲು ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ನಿರ್ಧರಿಸಿತು. ಆಗಿನ್ನೂ ದೇಶದಲ್ಲಿ ಕಾಯಿದೆಯೇ ಇರಲಿಲ್ಲ. ಸುಳಿವು ಕೊಟ್ಟವರು ಯಾರೆಂಬುದು ಎಲ್ಲರಿಗೂ ತಿಳಿದಿದ್ದದ್ದೇ ಸಾಕಾಯಿತು. ಇನ್ನೊಂದು ನಮ್ಮ ರಾಜ್ಯದ್ದೇ. ಬಿಟಿ ಬದನೆಯ ತಯಾರಿಯಲ್ಲಿ ಕರ್ನಾಟಕದ ಸ್ಥಳೀಯ ತಳಿಗಳನ್ನು ಕಾಯಿದೆಯ ಅನುಮತಿಯಿಲ್ಲದೆ ಬಳಸಲಾಗಿದೆಯೆಂಬ ದೂರು 2010ರಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿಯ ಮುಂದೆ ಬಂದು, ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. ಆ ತಳಿಗಳಿಗೆ ಊರಿನ ಹೆಸರುಗಳಿದ್ದವು, ಅದರಿಂದಲೇ ಇದು ಯಾರದ್ದು ಎಂದು ಕೇಳಲು ಸಾಧ್ಯವಾಯಿತು. ಹೆಸರಿಲ್ಲದ ಜರಿಯ ವಿಚಾರದಲ್ಲಿ ಆ ಪ್ರಶ್ನೆಯನ್ನು ಎತ್ತುವವರಾರು?

ಅರಿವುಳ್ಳವನಿಗೆ ಸಲ್ಲಬೇಕಾದ್ದು ಸಲ್ಲದೆ ಹೋಗುವ ಕಥೆ ಈ ನೆಲಕ್ಕೆ ಅಪರಿಚಿತವಲ್ಲ. ತಿಮ್ಮಣ್ಣ ಅಜಿಲರು 1604ರಲ್ಲಿ ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿಯನ್ನು ನೋಡಲು ನಾಡಿನೆಲ್ಲೆಡೆಯಿಂದ ಜನ ಬರುತ್ತಾರೆ. 2024ರಲ್ಲಿ ಮಹಾಮಸ್ತಕಾಭಿಷೇಕವೂ ನಡೆಯಿತು. ತುಳುವರ ಪಾಡ್ದನ ಹೇಳುವ ಕಥೆ ಬೇರೆಯೇ. ಕಾರ್ಕಳದ ವಿಗ್ರಹ ಕಡೆದ ಶಿಲ್ಪಿ ಬೀರ ಕಲ್ಕುಡ ಅಂಥದ್ದನ್ನು ಇನ್ನೆಲ್ಲಿಯೂ ಕಡೆಯಬಾರದೆಂದು ಅಲ್ಲಿನ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಮೂರ್ತಿಯನ್ನು ಕಡೆದನಂತೆ. ಕಾರ್ಕಳದ ವಿಗ್ರಹ ಸ್ಥಾಪನೆಯಾದದ್ದು 1432ರಲ್ಲಿ, ಆದ್ದರಿಂದ ಕಥೆ ಇತಿಹಾಸದ ಲೆಕ್ಕಕ್ಕೆ ಹೊಂದದು. ಆದರೂ ಜನ ಅದನ್ನು ನೂರಾರು ವರ್ಷ ಮರೆಯದೆ ಹಾಡಿಕೊಂಡು ಬಂದಿದ್ದಾರೆ, ಕಲ್ಕುಡನನ್ನು ದೈವವಾಗಿ ನಂಬಿದ್ದಾರೆ. ಕೈಯ ಅರಿವನ್ನು ಬಳಸಿಕೊಂಡು ಕೈಯನ್ನೇ ಇಲ್ಲವಾಗಿಸುವ ಅನ್ಯಾಯವನ್ನು ಅವರು ಅಷ್ಟು ಚೆನ್ನಾಗಿ ಗುರುತಿಸಿದ್ದರು. ಇಂದು ಯಾರ ಕೈಯನ್ನೂ ಕಡಿಯಬೇಕಾಗಿಲ್ಲ. ದಾಖಲೆಯ ಒಂದು ಅಂಕಣವನ್ನು ಖಾಲಿ ಬಿಟ್ಟರೆ ಸಾಕು.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ಒಂದನೆಯದು, ಅನುಮತಿಗಳ ಗೋಜಲಿನಿಂದ ನಮ್ಮದೇ ಸಂಶೋಧಕರು ಬೇಸತ್ತು ಕೈಬಿಡುತ್ತಾರೆ ಎಂಬುದು. ಇದು ನಿಜವಾದ ಆತಂಕ. ವಿದ್ಯಾರ್ಥಿಯೊಬ್ಬ ನಾಲ್ಕು ಎಲೆ ಕೀಳಲು ಆರು ಕಚೇರಿ ಅಲೆಯಬೇಕಾದರೆ ಅದು ಸಂರಕ್ಷಣೆಯಲ್ಲ. ಆದ್ದರಿಂದ ನಾನು ಕೇಳುತ್ತಿರುವುದು ಇನ್ನೊಂದು ಅನುಮತಿಯನ್ನಲ್ಲ, ಒಂದು ಸಾಲಿನ ಮಾಹಿತಿಯನ್ನು. ಎರಡನೆಯದು, ಬರುವ ಹಣ ಪುಡಿಗಾಸು ಎಂಬುದು. ಇರಬಹುದು. ಆದರೆ ಪಾಲು ಸಣ್ಣದೆಂದು ಪಹಣಿಯಲ್ಲಿ ಹೆಸರು ಬರೆಸದೆ ಬಿಡುವ ರೈತನನ್ನು ನಾನು ಕಂಡಿಲ್ಲ. ಮೂರನೆಯದು, ಗಿಡವಿರುವ ಜಾಗವನ್ನು ಜಗಜ್ಜಾಹೀರು ಮಾಡಿದರೆ ದೋಚುವವರಿಗೆ ದಾರಿ ತೋರಿಸಿದಂತೆ ಎಂಬುದು. ಅಪರೂಪದ ಸಸ್ಯಗಳ ಮಟ್ಟಿಗೆ ಇದು ಪೂರ್ಣ ಸತ್ಯ. ಅಂಥವುಗಳಿಗೆ ಗ್ರಾಮದ ಹೆಸರು ಮತ್ತು ದಾಖಲಾತಿಯ ಸಂಖ್ಯೆ ಸಾಕು, ನಿಖರ ಸ್ಥಳ ಬೇಕಿಲ್ಲ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಪ್ರತಿ ಪಂಚಾಯತಿಯ ಸಮಿತಿ ತನ್ನ ದಾಖಲಾತಿಯನ್ನು ಹೊರತೆಗೆದು, ಮಳೆಗಾಲದಲ್ಲಿ ಸೊಪ್ಪು ಕೀಳುವ ಹೆಂಗಸರನ್ನೂ ಕಾಡಂಚಿನ ಕುಟುಂಬಗಳನ್ನೂ ಜೊತೆಗೆ ಕೂರಿಸಿಕೊಂಡು ಮತ್ತೊಮ್ಮೆ ಓದಬೇಕು. ತುಳು, ಕನ್ನಡ, ಮಲೆಕುಡಿಯರ ಮಾತು ಇವುಗಳಲ್ಲಿ ಗಿಡದ ಹೆಸರು, ಬಳಕೆ, ಕೀಳುವ ಕಾಲ, ಬಿಡುವ ಪದ್ಧತಿ ಬರೆಯಬೇಕು. ಗುಟ್ಟಾಗಿಡಬೇಕೆಂದು ಹೇಳಿದ್ದನ್ನು ಗುಟ್ಟಾಗಿಯೇ ಇಡಬೇಕು. ಉಜಿರೆ, ಮೂಡುಬಿದಿರೆಯ ಕಾಲೇಜುಗಳಲ್ಲೂ ಮಂಗಳೂರು ವಿಶ್ವವಿದ್ಯಾಲಯದಲ್ಲೂ ಸಸ್ಯಶಾಸ್ತ್ರದ ಅಧ್ಯಾಪಕರು, ವಿದ್ಯಾರ್ಥಿಗಳು ಇದ್ದಾರೆ. ಗಿಡದ ಒಂದು ಒಣಮಾದರಿಯನ್ನು ಸಂಗ್ರಹಾಲಯಕ್ಕೆ ಸೇರಿಸಿ ಅದರ ಸಂಖ್ಯೆಯನ್ನು ದಾಖಲಾತಿಗೆ ಬರೆಯುವುದು ಅವರಿಗೆ ಒಂದು ವರ್ಷದ ಪ್ರಾಜೆಕ್ಟ್ ಕೆಲಸ. ಆ ಮಾದರಿಯಿಂದ ಮುಂದೆಂದಾದರೂ ಕ್ಲೋರೋಪ್ಲಾಸ್ಟ್ ತಳಿನಕ್ಷೆಯನ್ನು ಓದಿದಾಗ ಗಿಡ, ಊರು, ಅರಿವು ಮೂರೂ ಒಂದೇ ಸರಪಳಿಯಲ್ಲಿರುತ್ತವೆ.

ರಾಜ್ಯ ಸರ್ಕಾರ ಮಾಡಬೇಕಾದದ್ದು ಎರಡು. ರಾಜ್ಯದಲ್ಲಿ ಬಳಕೆಯಲ್ಲಿರುವ ತಿನ್ನುವ ಸೊಪ್ಪುಗಳು, ಮೂಲಿಕೆಗಳು, ಅವುಗಳನ್ನು ಹೋಲುವ ವಿಷದ ಗಿಡಗಳು ಇವೆಲ್ಲವುಗಳ ಕ್ಲೋರೋಪ್ಲಾಸ್ಟ್ ಗುರುತುಗಳ ಭಂಡಾರವೊಂದನ್ನು ಜೀವವೈವಿಧ್ಯ ಮಂಡಳಿಯ ನೇತೃತ್ವದಲ್ಲಿ ಕಟ್ಟಬೇಕು. ಕಲಬೆರಕೆ ಪತ್ತೆಗೆ, ಸಂಗ್ರಾಹಕರಿಗೆ ನ್ಯಾಯಬೆಲೆ ಕೊಡಿಸುವುದಕ್ಕೆ ಅದು ಆಧಾರವಾಗುತ್ತದೆ. ಎರಡನೆಯದಾಗಿ, ಸಾರ್ವಜನಿಕ ಹಣ ಪಡೆಯುವ ಯಾವುದೇ ಸಂಶೋಧನೆ ತಳಿನಕ್ಷೆಯನ್ನು ಜೆನ್‌ಬ್ಯಾಂಕಿಗಾಗಲಿ, 2022ರ ನವೆಂಬರಿನಲ್ಲಿ ಫರೀದಾಬಾದಿನಲ್ಲಿ ಆರಂಭವಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕಾಗಲಿ ಸಲ್ಲಿಸುವಾಗ ಗ್ರಾಮದ ಹೆಸರನ್ನೂ ಜನತಾ ದಾಖಲಾತಿಯ ಸಂಖ್ಯೆಯನ್ನೂ ನಮೂದಿಸಬೇಕೆಂಬ ಷರತ್ತು ಹಾಕಬೇಕು. ಕೇಂದ್ರ ಸರ್ಕಾರ ಕಾಲಿ ನಿಧಿಯ ಪಾಲನ್ನು ಊರುಗಳಿಗೆ ಹಂಚುವ ವಿಧಾನವನ್ನು ಈಗಲೇ ಬಹಿರಂಗಪಡಿಸಬೇಕು. ದೆಹಲಿಯ ಖಾತೆಗೆ ಜಮೆಯಾದದ್ದು ಕಾಡಂಚಿನ ಮನೆಗೆ ತಲುಪುವಷ್ಟರಲ್ಲಿ ಎಷ್ಟು ಉಳಿಯುತ್ತದೆಂಬ ಪ್ರಶ್ನೆಗೆ ಉತ್ತರ ಮೊದಲೇ ಇರಬೇಕು.

2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿತು. ಎಲೆ ಅವರದ್ದೆಂದು ಒಪ್ಪಿದ ದೇಶ, ಎಲೆಯೊಳಗಿನ ಅಕ್ಷರಗಳ ವಿಚಾರದಲ್ಲಿ ಅವರ ಹೆಸರನ್ನಾದರೂ ಬರೆಯಲು ಹಿಂಜರಿಯಬೇಕಾಗಿಲ್ಲ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ದಾರಿದೀಪಗಳ ಚರ್ಚೆ ಮುಗಿದ ಮೇಲೆ ಯಾರಾದರೊಬ್ಬರು ಎದ್ದುನಿಂತು, ನಮ್ಮೂರಿನ ಜೀವವೈವಿಧ್ಯ ದಾಖಲಾತಿಯನ್ನು ತಂದು ಓದಿ ಎಂದು ಕೇಳಲಿ. ಕೇಳುವ ಅಧಿಕಾರ ಪ್ರತಿ ಗ್ರಾಮಸ್ಥನಿಗೂ ಇದೆ. ಬೀರುವಿನ ಬೀಗ ತೆಗೆದರೆ ಅದರಲ್ಲಿ ಏನಿದೆ, ಏನಿಲ್ಲ ಎಂಬುದು ಅಂದೇ ತಿಳಿಯುತ್ತದೆ.